ವೀರಗಲ್ಲಿನ ಮುಂದೆ ಹೊಡೆದ ಏಟು

ನಾನು ಒಬ್ಬ ಮನುಷ್ಯನ ಕಣ್ಣು ತೆಗೆದಿದ್ದೇನೆ. ನನಗೆ ಕಣ್ಣಿಲ್ಲದ ಕಾರಣ ಅದು ಬೇಕೆಂದು ಮಾಡಿದ್ದಲ್ಲ ಎಂದು ಎಲ್ಲರೂ ನಂಬಿದರು. ಪೊಲೀಸರು ನಂಬಿದರು, ಪತ್ರಿಕೆಯವರು ನಂಬಿದರು, ನನ್ನ ಹೆಂಡತಿಯೂ ನಂಬಿದಳು. ನಾನೂ ಸುಮಾರು ಆರು ತಿಂಗಳು ನಂಬಿದಂತೆ ನಟಿಸಿಕೊಂಡು ಬೊರಿವಲಿಯಿಂದ ಫೋರ್ಟಿಗೆ ಲೋಕಲ್ಲಿನಲ್ಲಿ ಓಡಾಡಿದೆ.

ಹನ್ನೆರಡನೆಯ ವಯಸ್ಸಿನವರೆಗೆ ನನಗೆ ಕಾಣುತ್ತಿತ್ತು. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಆರನೆಯ ಕ್ಲಾಸಿನವರೆಗೆ ಓದಿದೆ. ಆಮೇಲೆ ಕಣ್ಣಿನೊಳಗಿನ ಒತ್ತಡ ಏರಿ ಒಂದರ ಹಿಂದೆ ಒಂದು ಎರಡೂ ಹೋದವು. ಅಂಧರ ಶಾಲೆಗೆ ಸೇರಿಸಿದರು. ಹಾಸ್ಟೆಲಿನಲ್ಲಿ ನಾನು ಮೊದಲು ಕಲಿತದ್ದು ಬ್ರೈಲ್ ಅಲ್ಲ, ಹೊಡೆದಾಟ. ಕಣ್ಣಿಲ್ಲದ ಹುಡುಗರು ಜಗಳವಾಡುವುದಿಲ್ಲ ಎಂದುಕೊಂಡವರು ಒಂದು ಸಂಜೆ ಆ ಹಾಸ್ಟೆಲಿನ ಮೋರಿಯ ಹತ್ತಿರ ನಿಲ್ಲಬೇಕಿತ್ತು. ಬಕೆಟ್ಟಿನಿಂದ, ಬೆಲ್ಟಿನ ಬಕಲ್ಲಿನಿಂದ, ಸ್ಲೇಟಿನ ಅಂಚಿನಿಂದ ಹೊಡೆಯುತ್ತಿದ್ದೆವು. ನಿಯಮ ಸುಲಭ. ಎದುರಾಳಿ ಬೈಯುವವರೆಗೆ ಕಾಯಬೇಕು. ದನಿ ಬರುವುದು ಬಾಯಿಂದ. ದನಿಗೆ ಗುರಿಯಿಟ್ಟರೆ ಹಲ್ಲು, ಅರ್ಧ ಗೇಣು ಕೆಳಗಿಟ್ಟರೆ ಗಂಟಲು, ನಾಲ್ಕು ಬೆರಳು ಮೇಲಿಟ್ಟರೆ ಕಣ್ಣು. ಕಣ್ಣಿಗೆ ಯಾರೂ ಹೊಡೆಯುತ್ತಿರಲಿಲ್ಲ, ಅಲ್ಲಿ ಹೊಡೆದು ಲಾಭವಿರಲಿಲ್ಲ.

ನನ್ನ ಗೆಳೆಯ ಸಿಕ್ಕಿದ್ದೂ ಅಲ್ಲೇ. ವಿಜಯಪುರದ ಕಡೆಯವನು. ಗೌಂಡಿ ಕೆಲಸಕ್ಕೆ ಮುಂಬೈಗೆ ಬಂದಿದ್ದ ಚಿಕ್ಕಪ್ಪನ ಜೊತೆ ಬಂದವನು, ಹುಟ್ಟಿನಿಂದಲೇ ಕಣ್ಣಿಲ್ಲದವನು. ಮೊದಲ ವಾರ ಅವನ ತುಟಿ ಒಡೆದೆ. ಎರಡನೆಯ ವಾರ ಅವನು ನನಗೆ ಕನ್ನಡ ಬ್ರೈಲ್ ಕಲಿಸತೊಡಗಿದ. ಊರಿನ ಶಾಲೆಯಲ್ಲಿ ಅವನು ಅದನ್ನು ಕಲಿತು ಬಂದಿದ್ದ. ಇಲ್ಲಿ ಮರಾಠಿ, ಇಂಗ್ಲಿಷ್ ಬಿಟ್ಟರೆ ಬೇರೆ ಇರಲಿಲ್ಲ. ಮುಂದೆ ನಾನು ಫೋರ್ಟಿನ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆದೆ. ಅವನು ಒಂದು ಬ್ರೈಲ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ. ಎದುರು ಕೂತವರು ಮೂಲ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು, ಇವನ ಬಲಗೈಯ ತೋರುಬೆರಳು ಹಾಳೆಯ ಮೇಲೆ ಓಡುತ್ತಿತ್ತು. ತಪ್ಪು ಚುಕ್ಕಿ ಸಿಕ್ಕರೆ ಬೆರಳು ಗಕ್ಕನೆ ನಿಲ್ಲುತ್ತಿತ್ತು. ಅವನಷ್ಟು ವೇಗವಾಗಿ ಓದುವವರನ್ನು ನಾನು ಕಂಡಿಲ್ಲ.

ದಕ್ಷಿಣ ಮುಂಬೈಯ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಹಳೆಗನ್ನಡ ಅಕ್ಷರ ಕೊರೆದ ವೀರಗಲ್ಲೊಂದು ಇದೆ ಎಂದು ನಮ್ಮ ಬ್ಯಾಂಕಿನ ಗಿರಾಕಿಯೊಬ್ಬರು ಹೇಳಿದರು. ಯುದ್ಧದಲ್ಲಿ ಸತ್ತವನ ನೆನಪಿಗೆ ನಿಲ್ಲಿಸುವ ಕಲ್ಲು. ಅದನ್ನು ಗೆಳೆಯನಿಗೆ ಫೋನಿನಲ್ಲಿ ಹೇಳಿದಾಗ ಅವನು ಕೆಲಸದ ನಡುವೆಯೇ ಕಿರುಚಿದ.

"ಕಲ್ಲಿನ್ಯಾಗ ಕೊರದ ಅಕ್ಷರನ? ಹಂಗಾರ ಬೆರಳಿಗೆ ಸಿಗ್ತಾವಲ್ಲೋ! ಕಣ್ಣಿದ್ದವರ ಅಕ್ಷರ ಹೆಂಗ ಇರ್ತಾವಂತ ನಾ ಒಮ್ಮೆನೂ ನೋಡಿಲ್ಲ."

ನಲವತ್ತು ದಾಟಿದ್ದ ಅವನು, ದಿನವೂ ಕನ್ನಡ ಓದುವವನು, ಕನ್ನಡದ ಅಕ್ಷರದ ಆಕಾರ ಅರಿಯದವನು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಹೋಗುವ ಮೊದಲು ಮ್ಯೂಸಿಯಮ್ಮಿಗೆ ಫೋನ್ ಮಾಡಿದೆ. ಕಣ್ಣಿಲ್ಲದವರು ಬರಬಹುದೇ ಎಂದು ಕೇಳಿದ್ದಕ್ಕೆ, ಖಂಡಿತ ಬನ್ನಿ, ನಮ್ಮಲ್ಲಿ ಗಾಲಿಕುರ್ಚಿಗೆ ರ‍್ಯಾಂಪ್ ಇದೆ ಎಂದರು. ರ‍್ಯಾಂಪನ್ನು ಮುಟ್ಟಿ ನೋಡಿ ಬರುವ ಎಂದು ನಾವಿಬ್ಬರೂ ನಕ್ಕೆವು.

ಅಂದು ರಜೆಯ ದಿನ. ಬಾಗಿಲಲ್ಲಿ ಗಾರ್ಡ್ ನನ್ನ ಬಿಳಿ ಕೋಲನ್ನು ಮಡಚಿಸಿದ. ಗಾಜು ಒಡೆಯುತ್ತದೆ ಎಂದ. ಅಲ್ಯೂಮಿನಿಯಮ್ಮಿನ ನಾಲ್ಕು ತುಂಡುಗಳ ಕೋಲು ಅದು. ಮಡಚಿದರೆ ನಾಲ್ಕೂ ಕೊಳವೆಗಳು ಒಟ್ಟಾಗಿ, ಒಂದೂಕಾಲು ಅಡಿಯ ಗಟ್ಟಿ ಕಟ್ಟು ಆಗುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಗೆಳೆಯನ ಹೆಗಲು ಹಿಡಿದು ಒಳಗೆ ಹೋದೆ. ಎಲ್ಲಾ ಗಾಜು. ಗೆಳೆಯನ ಹಣೆ ಎರಡು ಸಲ ಗಾಜಿಗೆ ಬಡಿಯಿತು. ಮುಂದಿನಿಂದ ಯಾರೋ ನಕ್ಕರು. ಒಬ್ಬ ಹೆಂಗಸು ಎರಡು ಫಲಕ ಓದಿ ಹೇಳಿದಳು, ಆಮೇಲೆ ಅವಳ ಮಕ್ಕಳು ಎಳೆದುಕೊಂಡು ಹೋದವು. ಕಲ್ಲುಗಳು ಹಿಂದಿನ ವರಾಂಡದಲ್ಲಿವೆ ಎಂದು ಅವಳೇ ಹೇಳಿ ಹೋಗಿದ್ದಳು.

ವರಾಂಡದಲ್ಲಿ ಜನ ಇರಲಿಲ್ಲ. ನನ್ನ ಮೊಣಕಾಲಿಗೆ ದಪ್ಪ ಹಗ್ಗ ತಾಗಿತು. ಹಗ್ಗ ಕಟ್ಟಿದ್ದಾರೆಂದರೆ ಮುಟ್ಟಬಾರದೆಂದು ಅರ್ಥ. ನನಗೆ ಅದು ಗೊತ್ತಿತ್ತು. ಅದನ್ನು ಎತ್ತಿ ಹಿಡಿದವನು ನಾನೇ.

"ಹೋಗು ಮಾರಾಯ. ಯಾರೂ ಇಲ್ಲ."

ಅವನು ಕುಕ್ಕರಗಾಲಿನಲ್ಲಿ ಕೂತು ಕಲ್ಲನ್ನು ತಡವತೊಡಗಿದ. "ಕುದರಿ ಕಾಲ ಇದು. ಇಂವ ಕತ್ತಿ ಎತ್ಯಾನ. ಕೆಳಗ ಒಬ್ಬಾಂವ ಬಿದ್ದಾನ ನೋಡ, ತುಳಿಯಾಕತ್ತಾರ ಅವನ್ನ." ಆಮೇಲೆ ಬೆರಳು ಕೆಳಗಿಳಿಸಿದ. ಚಿತ್ರದ ಕೆಳಗಿನ ಪಟ್ಟಿಯಲ್ಲಿ ಅವನಿಗೆ ಅಕ್ಷರ ಸಿಕ್ಕಿದ್ದವು. ನಾನೂ ಬಗ್ಗಿ ಅವನ ಬೆರಳಿನ ಪಕ್ಕದಲ್ಲಿ ನನ್ನ ಬೆರಳಿಟ್ಟೆ. ಶಾಲೆಯಲ್ಲಿ ನಾನು ಕಲಿತ ಕನ್ನಡದಂತೆ ಅದು ಇರಲಿಲ್ಲ. ಒಂದು ಅಕ್ಷರ ಮಾತ್ರ ಗುರುತು ಹತ್ತಿದ ಹಾಗಾಯಿತು.

"ಇದು ರ ಇರ್ಬೇಕು ನೋಡು. ದುಂಡಗೆ ಉಂಟು."

"ರ?" ಅವನ ಬೆರಳು ಆ ಗುಂಡಿಯೊಳಗೆ ಸುತ್ತು ಹೊಡೆಯಿತು. "ಇಷ್ಟ ದೊಡ್ಡದನ? ನಮ್ಮ ರ ನಾಕ ಚುಕ್ಕಿ."

ಆಗ ಹಿಂದಿನಿಂದ ದನಿ ಬಂತು. "ಏ! ಹಾತ್ ಹಟಾವ್!"

ಗೆಳೆಯ ಕೈ ತೆಗೆಯಲಿಲ್ಲ. ಅವನು ಮೊಂಡುತನ ಮಾಡಲಿಲ್ಲ, ಅವನಿಗೆ ಕೇಳಿಸಲೇ ಇಲ್ಲ. ಅವನು ಇನ್ನೂ ರದೊಳಗೇ ಇದ್ದ. ಬೂಟುಗಳು ಓಡಿ ಬಂದವು. ಗಾಳಿ ಸೀಳಿದ ಸದ್ದು, ಲಾಠಿ ಕಲ್ಲಿಗೆ ಬಡಿದ ಸದ್ದು, ಅವೆರಡರ ನಡುವೆ ಒಣ ಕಡ್ಡಿ ಮುರಿದಂಥ ಒಂದು ಸಣ್ಣ ಸದ್ದು. ಆಮೇಲೆ ಗೆಳೆಯನ ಕೂಗು. ಮೂವತ್ತು ವರ್ಷದಲ್ಲಿ ಆ ದನಿಯನ್ನು ನಾನು ಅವನ ಬಾಯಿಂದ ಕೇಳಿರಲಿಲ್ಲ, ನಾನು ಅವನ ತುಟಿ ಒಡೆದ ದಿನವೂ.

"ಅಂಧಾ ಹೈ ಕ್ಯಾ? ಸುನಾಯೀ ನಹೀ ದೇತಾ?" ಕುರುಡನೇನು, ಕೇಳಿಸುವುದಿಲ್ಲವೇ ಎಂದು ಅರಚಿದ, ಬಾಗಿಲಲ್ಲಿದ್ದವನಲ್ಲ, ಇನ್ನೊಬ್ಬ ಗಾರ್ಡ್.

ಅವನು ಮಾತಾಡಿದ್ದೇ ತಪ್ಪಾಯಿತು. ನಾನು ಎದ್ದು ನಿಂತೆ. ದನಿ ನನ್ನ ಎಡಕ್ಕೆ, ಎರಡು ಅಡಿ ದೂರದಲ್ಲಿತ್ತು, ನನ್ನ ಗಲ್ಲದ ಎತ್ತರದಲ್ಲಿ. ಅದಕ್ಕಿಂತ ನಾಲ್ಕು ಬೆರಳು ಮೇಲೆ ಗುರಿಯಿಟ್ಟು ಮಡಚಿದ ಕೋಲಿನ ತುದಿಯಿಂದ ತಿವಿದೆ. ಬೀಸಲಿಲ್ಲ, ತಿವಿದೆ. ಮೃದುವಾದ ಏನಕ್ಕೋ ತಾಗಿ ಹಿಂದಿನ ಎಲುಬಿಗೆ ತಗುಲಿ ಕೋಲು ನಿಂತಿತು. ಆ ಕ್ಷಣ ನನ್ನ ಮೈಯಲ್ಲಿ ಏರಿದ್ದು ಸಂತೋಷ. ಅದಕ್ಕೆ ಬೇರೆ ಹೆಸರಿಲ್ಲ.

"ಯವ್ವಾ! ಕಣ್ಣ ಹೋತ ಯವ್ವಾ!"

ಅದು ಕನ್ನಡ. ಗೆಳೆಯನ ಕಡೆಯ ಕನ್ನಡ. ಕೋಲನ್ನು ಕೆಳಗಿಳಿಸಿದೆ. ಅಷ್ಟರಲ್ಲಿ ಉಳಿದ ಗಾರ್ಡ್‌ಗಳು ಓಡಿ ಬಂದರು. ಒಬ್ಬ ಕೂದಲು ಹಿಡಿದು ನನ್ನ ತಲೆಯನ್ನು ಗೋಡೆಗೆ ಬಡಿದ. ಬಿದ್ದೆ. ಬೂಟುಗಳು ಪಕ್ಕೆಗೆ, ಬೆನ್ನಿಗೆ, ಬಾಯಿಗೆ ಬಿದ್ದವು. ಮ್ಯೂಸಿಯಮ್ ನೋಡಲು ಬಂದವರೂ ಒಬ್ಬಿಬ್ಬರು ಕಾಲು ಸೇರಿಸಿದರು ಎಂದು ನನಗೆ ಅನುಮಾನ. ಒಬ್ಬನ ಕಾಲಲ್ಲಿ ಚಪ್ಪಲಿ ಇತ್ತು. ಬಾಯಲ್ಲಿ ರಕ್ತದ ಜೊತೆ ಒಂದು ಹಲ್ಲು ಬಂತು. ಹಲ್ಲನ್ನು ನಾಲಗೆಯಿಂದ ತಳ್ಳುತ್ತಾ, ಪಕ್ಕದಲ್ಲಿ ಆ ಗಾರ್ಡ್ ಅವ್ವನನ್ನು ಕರೆಯುವುದನ್ನೂ ಆಚೆ ಗೆಳೆಯ ಅಲ್ಲಾನನ್ನು ಕರೆಯುವುದನ್ನೂ ಕೇಳುತ್ತಾ ಬಿದ್ದಿದ್ದೆ. ಕೊನೆಗೆ ಒಬ್ಬ ಹೆಂಗಸು ಕೂಗಿ ಎಲ್ಲರನ್ನೂ ಬಿಡಿಸಿದಳು. ಆ ಮ್ಯೂಸಿಯಮ್ಮಿನ ಮುಖ್ಯಸ್ಥೆ ಅವರೇ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. "ಆಂಧಳಾ ಮಾಣೂಸ್ ಮಾರಾಮಾರಿ ಕಶೀ ಕರಣಾರ್?" ಎಂದ. ಕುರುಡ ಹೇಗೆ ಹೊಡೆದಾಡುತ್ತಾನೆ ಎಂಬುದು ಅವನ ಪ್ರಶ್ನೆ. ಅದೇ ನನಗೆ ದಾರಿ ತೋರಿಸಿತು. ಗೆಳೆಯನ ಕೂಗು ಕೇಳಿ ಹೆದರಿ ಕೈ ಬೀಸಿದೆ ಸಾಹೇಬ್, ಯಾರು ಎಲ್ಲಿದ್ದಾರೆ ಎಂದು ನನಗೇನು ಗೊತ್ತು, ಎಂದೆ. ಅವನು ಬರೆದುಕೊಂಡ. ಗಾರ್ಡಿನ ಕಣ್ಣು ಹೇಗಿದೆ ಎಂದು ಕೇಳಿದೆ. ಪಟ್ಟಿ ಕಟ್ಟಿ ಕಳಿಸಿದ್ದಾರೆ, ಏನೂ ಆಗಿಲ್ಲ ಎಂದ. ನನಗೆ ಅಷ್ಟೇ ಬೇಕಿತ್ತು. ಎರಡನೆಯ ಸಲ ಕೇಳಲಿಲ್ಲ. ಮ್ಯೂಸಿಯಮ್ಮಿನವರಿಗೂ ಗಾರ್ಡ್‌ಗಳನ್ನು ಒದಗಿಸುವ ಕಂತ್ರಾಟುದಾರನಿಗೂ ಕೇಸು ಬೇಡವಾಗಿತ್ತು. ಎರಡೂ ಕಡೆಯವರು ದೂರಿಲ್ಲ ಎಂದು ಬರೆದುಕೊಟ್ಟೆವು.

ಗೆಳೆಯನ ಬಲಗೈಯ ತೋರುಬೆರಳಿನ ನಡುಗೆಣ್ಣು ಎರಡು ತುಂಡಾಗಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಅದು ಸೊಟ್ಟಗೆ ಕೂಡಿಕೊಂಡಿತ್ತು, ತುದಿಯಲ್ಲಿ ಸ್ಪರ್ಶ ಇರಲಿಲ್ಲ. ಹಾಳೆಯ ಮೇಲೆ ಇಟ್ಟರೆ ಉಣ್ಣೆಯ ಕೈಗವಸು ಹಾಕಿ ಓದಿದಂತೆ ಆಗುತ್ತದೆ ಎಂದ. ಎಡಗೈಯಿಂದ ಓದಲು ಮೊದಲಿಂದ ಶುರು ಮಾಡಿದ, ಒಂದನೆಯ ಕ್ಲಾಸಿನ ಮಗುವಿನ ಹಾಗೆ. ಪ್ರೆಸ್ಸಿನವರು ಒಳ್ಳೆಯವರು, ಅವನನ್ನು ಕಾಗದ ಜೋಡಿಸುವ ಕೆಲಸಕ್ಕೆ ಹಾಕಿದರು. ಒಂದು ಮಧ್ಯಾಹ್ನ ಅಲ್ಲಿಗೆ ಹೋದಾಗ ಅವನು ಒಂದು ಪುಟವನ್ನು ಮೇಜಿಗೆ ಒತ್ತಿ ಹಿಡಿದು ಆ ಸತ್ತ ಬೆರಳಿನಿಂದ ಗುದ್ದುತ್ತಿದ್ದ. ಚುಕ್ಕಿಗಳೆಲ್ಲ ಚಪ್ಪಟೆಯಾಗಿದ್ದವು.

ಪತ್ರಿಕೆಯವರು ಬಂದಾಗಲೂ ಗೆಳೆಯನ ಬೆರಳು ತೋರಿಸಿ, ಠಾಣೆಯಲ್ಲಿ ಹೇಳಿದ್ದನ್ನೇ ಹೇಳಿದ್ದೆ. ಪತ್ರಿಕೆಯಲ್ಲಿ ಬಂತು. ಅಂಧರ ಮೇಲೆ ಗಾರ್ಡ್‌ಗಳ ಹಲ್ಲೆ ಎಂದು ಹೆಂಡತಿ ಓದಿ ಹೇಳಿದಳು. ನನ್ನ ಕೋಲಿನ ವಿಷಯ ಎಲ್ಲೂ ಇರಲಿಲ್ಲ. ಕೆಲವು ತಿಂಗಳ ಮೇಲೆ ಮೇಡಂ ಫೋನ್ ಮಾಡಿದರು. ಮುಟ್ಟಿ ನೋಡುವ ಕೋಣೆಯೊಂದನ್ನು ಮಾಡಿದ್ದೇವೆ, ನೀವಿಬ್ಬರೇ ಮೊದಲು ಬರಬೇಕು ಎಂದರು.

ಹೋದೆವು. ನೆಲದಲ್ಲಿ ಉಬ್ಬು ಪಟ್ಟಿ ಹಾಕಿದ್ದರು. ಕೋಲು ಮಡಚಲು ಯಾರೂ ಹೇಳಲಿಲ್ಲ. ಆರು ಪ್ರತಿಕೃತಿಗಳು, ಪಕ್ಕದಲ್ಲಿ ಬ್ರೈಲ್ ಫಲಕ. ವೀರಗಲ್ಲಿನ ಫೈಬರ್ ಪ್ರತಿಯೂ ಇತ್ತು. ನನಗೆ ಶಾಲು ಹೊದಿಸಿದರು, ಚಪ್ಪಾಳೆ ತಟ್ಟಿದರು, ನಿಮ್ಮ ಧೈರ್ಯದಿಂದ ಇದು ಸಾಧ್ಯವಾಯಿತು ಎಂದರು. ಗೆಳೆಯ ಎಡಗೈಯಿಂದ ಫೈಬರನ್ನು ತಟ್ಟಿ ನೋಡಿ, "ಡಬ್ಬಿ ಸಪ್ಪಳ ಬರ್ತದ ಇದು" ಎಂದು ನನ್ನ ಕಿವಿಯಲ್ಲಿ ಹೇಳಿದ. ಶಾಸನದಲ್ಲಿ ಏನಿದೆ ಎಂದು ಅವನು ಕೇಳಿದ್ದಕ್ಕೆ ಮೇಡಂ ವಿವರಿಸಿದರು: ದನ ಕದ್ದು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು, ಹಲವರನ್ನು ಕೊಂದು, ತಾನೂ ಸತ್ತವನ ಕಲ್ಲು ಅದು.

"ಕೆಳಗ ಬಿದ್ದಾವನ ಹೆಸರು ಐತೇನ್ರಿ ಅದರಾಗ?" ಎಂದು ಗೆಳೆಯ ಹಿಂದಿಯಲ್ಲೂ ಕನ್ನಡದಲ್ಲೂ ಕೇಳಿದ.

ಇಲ್ಲ ಎಂದರು ಮೇಡಂ.

ಹೊರಡುವಾಗ ಬಾಗಿಲಲ್ಲಿದ್ದ ಗಾರ್ಡ್ ನನ್ನ ತೋಳು ಹಿಡಿದು ನಿಲ್ಲಿಸಿದ. ಸಹಾಯಕ್ಕೆ ಹಿಡಿದ ಹಿಡಿತವಲ್ಲ ಅದು, ಉಗುರು ಚರ್ಮದೊಳಗೆ ಇಳಿದಿತ್ತು. ಹಿಂದಿಯಲ್ಲಿ ಹೇಳಿದ: ಶಾಲು ಚೆನ್ನಾಗಿದೆ. ನೀನು ಹೊಡೆದವನ ಕಣ್ಣು ತೆಗೆದು ಹಾಕಿದರು, ಗೊತ್ತಾ? ಒಳಗೆ ಕೀವಾಗಿತ್ತು. ಈಗ ಗಾಜಿನದು ಹಾಕಿದ್ದಾರೆ. ಕೆಲಸವೂ ಹೋಯಿತು. ಘಾಟ್ಕೋಪರಿನ ಗುಡ್ಡದ ಮೇಲಿನ ಚಾಳಿನಲ್ಲಿದ್ದಾನೆ. ಧೈರ್ಯ ಇದ್ದರೆ ಹೋಗು.

ಅವನಿಂದಲೇ ವಿಳಾಸ ಕೇಳಿಕೊಂಡು ಮುಂದಿನ ಭಾನುವಾರ ಹೋದೆ. ಗೆಳೆಯ ತಾನೂ ಬರುತ್ತೇನೆಂದ. ಸ್ಟೇಶನ್ನಿನಿಂದ ರಿಕ್ಷಾ, ಆಮೇಲೆ ಇಕ್ಕಟ್ಟಿನ ಮೆಟ್ಟಿಲುಗಳು. ಬಾಗಿಲು ತೆರೆದವಳು ಅವನ ಹೆಂಡತಿ. ನಮ್ಮ ಕೋಲು ಕಂಡ ಕೂಡಲೇ ಅವಳು ಬಾಗಿಲನ್ನು ಅರ್ಧ ಎಳೆದುಕೊಂಡಳು. ಒಳಗಿನಿಂದ ಅವನ ದನಿ ಬಂತು, ಅದೇ ದನಿ, ಈಗ ತಗ್ಗಿತ್ತು.

"ಬರಲಿ ಬಿಡ. ಕೂಡ್ರಿ."

ಅಕ್ಕಲಕೋಟೆಯ ಕಡೆಯವರು ಅವರು. ಅವನು ನೀರು ಕೊಟ್ಟ. ಲೋಟ ನನ್ನ ಕೈಗೆ ಬಾರದೆ ತೊಡೆಯ ಮೇಲೆ ಚೆಲ್ಲಿತು. "ಒಂದ ಕಣ್ಣಿನ್ಯಾಗ ಅಂದಾಜ ಸಿಗವಲ್ದು" ಎಂದ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು. ಮಣೆಯ ಮೇಲೆ ಲಟ್ಟಣಿಗೆ ಉರುಳುವ ಸದ್ದು ನಿಲ್ಲಲಿಲ್ಲ. ಅವನು ತಾನಾಗಿಯೇ ಹೇಳತೊಡಗಿದ. ಆ ಘಟನೆಯ ಹಿಂದಿನ ದಿನ ಯಾರೋ ಶಾಲೆಯ ಹುಡುಗರು ಕಲ್ಲಿನ ಮೇಲೆ ಹೆಸರು ಗೀಚಿ ಹೋಗಿದ್ದರಂತೆ. ಕಂತ್ರಾಟುದಾರನ ಸೂಪರ್‌ವೈಸರ್ ಎಲ್ಲರ ಮುಂದೆ ಇವನ ಕೆನ್ನೆಗೆ ಬಾರಿಸಿ, ಇನ್ನೊಂದು ಕೈ ಕಲ್ಲಿಗೆ ತಾಗಿದರೆ ನಿನ್ನ ಕೈ ಮುರಿಯುತ್ತೇನೆ ಎಂದಿದ್ದನಂತೆ.

"ನಾ ಹೊಡದದ್ದು ತಪ್ಪ ಐತಿ" ಎಂದು ಗೆಳೆಯನಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. "ನಿಮ್ಮನ್ನ ಒಂದ ಕೇಳೂದೈತ್ರಿ. ಎಲ್ಲಿ ಬೀಳ್ತದ ಅಂತ ನಿಮಗ ಗೊತ್ತಿತ್ತೇನ್ರಿ? ಎಲ್ಲಾರೂ ಅಂತಾರ, ಕಣ್ಣಿಲ್ಲದಾವ ಪಾಪ, ಹಂಗ ಬಿದ್ದದ ಅಂತ. ನನಗ ಹಂಗ ಅನ್ಸವಲ್ದು."

ಇಲ್ಲ ಎನ್ನಬಹುದಿತ್ತು. ಆ ಉತ್ತರ ನನ್ನ ಬಾಯಿಗೆ ರೂಢಿಯಾಗಿತ್ತು.

"ಗೊತ್ತಿತ್ತು" ಎಂದೆ. "ನೀವು ಮಾತಾಡಿದ್ರಿ. ಬಾಯಿ ಎಲ್ಲಿ ಅಂತ ಗೊತ್ತಾಯ್ತು. ಅದರ ಮೇಲೆ ನೋಡಿಕೊಂಡೇ ಚುಚ್ಚಿದೆ."

ಲಟ್ಟಣಿಗೆಯ ಸದ್ದು ನಿಂತಿತು. ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಕಿವಿಯ ಮೇಲೆ. ಕಿವಿಯೊಳಗೆ ಗುಂಯ್ ಎಂದು ಸದ್ದು ತುಂಬಿಕೊಂಡು ದಿಕ್ಕೇ ತಪ್ಪಿತು. ಕೈ ಎತ್ತಲಿಲ್ಲ. ಅವಳು ಹೊಡೆಯುತ್ತಲೇ ಬೈಯುತ್ತಿದ್ದಳು, "ನೋಡಿಕೊಂಡ ಹೊಡದಿ ಹೌದಲ್ಲ? ನೋಡಿಕೊಂಡ!" ಹಿಟ್ಟು ಮೂಗಿಗೆ, ರಕ್ತ ಕುತ್ತಿಗೆಗೆ ಇಳಿಯಿತು. ಗೆಳೆಯ "ಅಕ್ಕಾ, ಬ್ಯಾಡಕ್ಕಾ" ಎನ್ನುತ್ತಾ ನಡುವೆ ಕೈ ಚಾಚಿದ. ಏಟು ಅವನ ಸೊಟ್ಟ ಬೆರಳಿಗೂ ತಾಗಿತು. ಅವನು ನರಳಿದ್ದು ಕೇಳಿ ಅವಳ ಕೈ ತಡೆಯಿತು. ಗಂಡ ಎದ್ದು ಬಂದು ಅವಳನ್ನು ಹಿಡಿದುಕೊಂಡ. ಅವಳು ನೆಲಕ್ಕೆ ಕುಸಿದು ಎದೆ ಬಡಿದುಕೊಂಡು ಅತ್ತಳು.

"ಖರೇ ಹೇಳಿದ್ರಿ" ಎಂದ ಅವನು, ಏದುಸಿರಿನಲ್ಲಿ. "ಇನ್ನ ಹೋಗ್ರಿ. ಮತ್ತ ಬರಬ್ಯಾಡ್ರಿ."

ಮೆಟ್ಟಿಲು ಇಳಿಯುವಾಗ ಗೆಳೆಯನ ಹೆಗಲು ಹುಡುಕಿದೆ. ಅವನು ಸರಿದುಕೊಂಡ.

"ಪೊಲೀಸರ ಮುಂದ, ಪೇಪರ್‌ನವರ ಮುಂದ ನನ್ನ ಬೆರಳ ತೋರಿಸಿ ಸುಳ್ಳ ಹೇಳಿದಿ" ಎಂದ. "ಆ ಶಾಲು ಹೊಚ್ಚಿಕೊಂಡಾಗ ನಾ ಬಾಜೂಕ ನಿಂತಿದ್ನಲ್ಲೋ."

ಕೋಲು ತಟ್ಟುತ್ತಾ ಅವನು ಒಬ್ಬನೇ ಇಳಿದು ಹೋದ. ಆಮೇಲೆ ನಾಲ್ಕು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ನಾನು ಠಾಣೆಗೆ ಹೋಗಿ ನಿಜ ಹೇಳಿದೆ. ಅದೇ ಸಬ್ ಇನ್ಸ್‌ಪೆಕ್ಟರ್ ಇದ್ದ. ಫೈಲು ಮುಚ್ಚಿದೆ, ಆದದ್ದು ಆಯಿತು, ಮನೆಗೆ ಹೋಗು ಎಂದು ನನ್ನನ್ನು ರಸ್ತೆ ದಾಟಿಸಲು ಕಾನ್‌ಸ್ಟೇಬಲ್‌ನನ್ನು ಕಳಿಸಿದ. ನಡೆದದ್ದನ್ನು ತಿಳಿಸಿ, ಗಾರ್ಡಿಗೆ ಕೆಲಸ ಮರಳಿ ಕೊಡಿ ಎಂದು ಮೇಡಂಗೆ ಕಾಗದ ಬರೆಸಿ, ಶಾಲನ್ನೂ ಜೊತೆಗಿಟ್ಟು ಕಳಿಸಿದೆ. ಅವರು ಫೋನಿನಲ್ಲಿ ಉತ್ತರಿಸಿದರು. ಗಾರ್ಡನ್ನು ಮತ್ತೆ ತೆಗೆದುಕೊಳ್ಳಲು ಕಂತ್ರಾಟುದಾರ ಒಪ್ಪಲಿಲ್ಲವಂತೆ. ಆದರೆ ಮ್ಯೂಸಿಯಮ್ಮಿನ ಒಳಗೆ ಯಾರೂ ಲಾಠಿ ಹಿಡಿಯಬಾರದೆಂದು ಅವರು ಆದೇಶ ಮಾಡಿದ್ದಾರೆ, ಕಣ್ಣಿಲ್ಲದವರು ಬಂದರೆ ಮೊದಲು ಹತ್ತಿರ ಬಂದು ಮಾತಾಡಬೇಕೆಂದು ಗಾರ್ಡ್‌ಗಳಿಗೆ ಕಲಿಸಿದ್ದಾರೆ. ಕಣ್ಣು ಕಳೆದುಕೊಂಡವನು ಹೆಂಡತಿಯೊಡನೆ ಊರಿಗೆ ಹೋಗಿ ಅಳಿಯನ ಹಿಟ್ಟಿನ ಗಿರಣಿಯಲ್ಲಿದ್ದಾನೆ ಎಂದು ಬಾಗಿಲ ಗಾರ್ಡಿನಿಂದ ತಿಳಿಯಿತು.

ಗೆಳೆಯ ಈಗ ಎಡಗೈಯಿಂದ ಗಂಟೆಗೆ ಏಳೆಂಟು ಪುಟ ಓದುತ್ತಾನೆ, ಪ್ರೆಸ್ಸಿನವರು ಪ್ರೂಫಿನ ಕೆಲಸ ಮತ್ತೆ ಕೊಟ್ಟಿದ್ದಾರೆ. ಐದನೆಯ ತಿಂಗಳು ಅವನೇ ಫೋನ್ ಮಾಡಿ, ಪ್ರೂಫಿನಲ್ಲಿ ಬಂದ ಕರಾವಳಿಯ ಒಂದು ಅಡುಗೆ ಪದದ ಅರ್ಥ ಕೇಳಿದ. ಹೇಳಿದೆ. ಹೂಂ ಎಂದು ಇಟ್ಟ. ಮರುವಾರ ಮತ್ತೊಂದು ಪದ ಕೇಳಿದ.

ಮೊನ್ನೆ ಸಂಜೆ ಚರ್ಚ್‌ಗೇಟಿನಲ್ಲಿ ಅಂಗವಿಕಲರ ಡಬ್ಬಿ ಹತ್ತುವಾಗ, ಕೈಕಾಲು ಗಟ್ಟಿಯಿದ್ದವನೊಬ್ಬ ನನ್ನ ಎದೆಗೆ ಮೊಣಕೈ ಕೊಟ್ಟು ಒಳಗೆ ನುಗ್ಗಿದ. "ಅಂಧೇ, ಹಟ್" ಎಂದ. ದನಿ ನನ್ನ ಬಲಕ್ಕೆ, ಒಂದು ಅಡಿ ದೂರದಲ್ಲಿತ್ತು. ಬಾಯಿ ಎಲ್ಲಿ, ಅದರ ಮೇಲೆ ಏನಿದೆ ಎಂದು ನನ್ನ ಕೈ ಆಗಲೇ ಲೆಕ್ಕ ಹಾಕಿಬಿಟ್ಟಿತ್ತು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈಯಿಂದ ಕಂಬ ಹಿಡಿದುಕೊಂಡೆ. ಅಂಧೇರಿ ಬರುವವರೆಗೆ ಬಿಡಲಿಲ್ಲ. ಅವನು ಇಳಿದು ಹೋದ ಮೇಲೆ ನೋಡಿಕೊಂಡರೆ ಅಂಗೈಯೆಲ್ಲ ಬೆವರು, ಬೆರಳು ಬಿಡಿಸಲು ಬರುತ್ತಿರಲಿಲ್ಲ.